ಒಂಬತ್ತನೆಯ ತರಗತಿಗೆ ನನ್ನ ಪ್ರವೇಶ

ನಿಯಮ ಎಂದರೆ ನನಗೆ ಪ್ರಾಣ. ಜಂಬಕ್ಕೆ ಹೇಳುತ್ತಿಲ್ಲ, ಜಂಬ ಪಡುವ ಸ್ಥಿತಿಯಲ್ಲಿ ನಾನೀಗ ಇಲ್ಲ. ಕಾಶಿಯ ಒಂದು ಕನ್ನಡ ಮಠದಲ್ಲಿ ಇಪ್ಪತ್ತು ವರ್ಷದಿಂದ ಮ್ಯಾನೇಜರ್ ಆಗಿದ್ದೇನೆ. ಯಾವ ಕೋಣೆ ಯಾರಿಗೆ, ಬಿಸಿನೀರು ಎಷ್ಟು ಗಂಟೆಯವರೆಗೆ, ಊಟದ ಗಂಟೆ ಬಾರಿಸಿದ ಮೇಲೆ ಬಂದವರಿಗೆ ಪಲ್ಯ ಉಂಟೋ ಇಲ್ಲವೋ, ಎಲ್ಲವೂ ನಾನೇ ಬರೆದು ಗೋಡೆಗೆ ಅಂಟಿಸಿದ ನಿಯಮಗಳು. ಊರಿನಿಂದ ಬರುವ ಹಿರಿಯರಿಗೆ ಹಿಂದಿ ಬಾರದು. ಆದ್ದರಿಂದ ಅವರ ಅರ್ಜಿಗಳನ್ನೆಲ್ಲ ನಾನೇ ತುಂಬುತ್ತೇನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ತುಂಬಿದ ಒಂದು ಅರ್ಜಿಯೂ ತಿರಸ್ಕಾರವಾಗಿಲ್ಲ. ಮಂಜೂರು ಮಾಡುವವನೂ ನಾನೇ ಆಗಿರುವುದು ಅದಕ್ಕೊಂದು ಕಾರಣ ಇರಬಹುದು!

ಹೀಗಿರುವಾಗ ನನ್ನ ಮಗಳು ಗೌರಿಗೆ ಅಸ್ಸಿ ಕಡೆಯ ಒಂದು ದೊಡ್ಡ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಸೀಟು ಸಿಕ್ಕಿತು. ಸಿಕ್ಕಿತು ಎಂದರೆ ತಪ್ಪು, ಅವಳು ಗಿಟ್ಟಿಸಿಕೊಂಡಳು. ಆರನೆಯ ತರಗತಿಯಿಂದಲೂ ಆ ಶಾಲೆಯ ಮುಂದೆ ಹಾದುಹೋಗುವಾಗೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದವಳು, ಪ್ರವೇಶ ಪರೀಕ್ಷೆಗೆ ಆರು ತಿಂಗಳು ಓದಿ ಒಳಗೆ ಹೋದಳು. ಗಣಿತ ಕಲಿಯಬೇಕೆಂದರೆ ಅಲ್ಲೇ ಕಲಿಯಬೇಕು ಎಂಬುದು ಅವಳ ಹಟ.

ಒಂದೇ ಒಂದು ಷರತ್ತು. ಮೊದಲ ತಿಂಗಳು ಪ್ರವೇಶ ತಾತ್ಕಾಲಿಕ. ಆ ತಿಂಗಳಲ್ಲಿ ಡೈರಿಯಲ್ಲಿ ಕೆಂಪು ಶಾಯಿಯ ಮೂರು ರಿಮಾರ್ಕು ಬಿದ್ದರೆ ಸೀಟು ಕಾಯುವ ಪಟ್ಟಿಯ ಮೊದಲ ಹುಡುಗಿಗೆ ಹೋಗುತ್ತದೆ. ಜೊತೆಗೆ ನಲವತ್ತನಾಲ್ಕು ಪುಟದ ಒಂದು ನಿಯಮಾವಳಿ ಕೊಟ್ಟಿದ್ದರು. ಅದನ್ನು ನೋಡಿ ನನಗೆ ಆದ ಆನಂದವನ್ನು ಹೇಗೆ ಹೇಳಲಿ! ಹೊಸ ಪಂಚಾಂಗ ಬಂದಾಗಲೂ ಅಷ್ಟು ಆಗುವುದಿಲ್ಲ.

"ಗೌರಿ, ಇನ್ನ ನೀ ಏನೂ ಚಿಂತಿ ಮಾಡಬ್ಯಾಡ. ನಿಯಮದ ಜವಾಬ್ದಾರಿ ಎಲ್ಲಾ ನಂದು" ಎಂದೆ.

"ಅಪ್ಪಾಜಿ, ನಂಗ ಅದರದ ಚಿಂತಿ" ಎಂದಳು.

ನನ್ನ ಹೆಂಡತಿ ಶಾಂತಾ ರೊಟ್ಟಿ ಬಡಿಯುತ್ತ ಅಡುಗೆಮನೆಯಿಂದಲೇ ಕೇಳಿದಳು, "ಸಾಲಿಗೆ ಹೋಗೋರು ನೀವೋ, ಅಕಿಯೋ?"

ಹೆಂಗಸರಿಗೆ ಆಡಳಿತ ತಿಳಿಯುವುದಿಲ್ಲ ಎಂದುಕೊಂಡು ನಾನು ನಿಯಮಾವಳಿ ತೆರೆದೆ.

ಬೆಳಿಗ್ಗೆ ಏಳು ಇಪ್ಪತ್ತೈದಕ್ಕೆ ಗೇಟು ಮುಚ್ಚುತ್ತದೆ ಎಂಬುದು ನಿಯಮ. ಯಾತ್ರಿಕರನ್ನು ರೈಲಿಗೆ ಮೂರು ಗಂಟೆ ಮುಂಚೆ ಮುಟ್ಟಿಸುವುದು ನನ್ನ ಪದ್ಧತಿ. ಸೋನಾರ್‌ಪುರದ ನಮ್ಮ ಮನೆಯಿಂದ ಶಾಲೆಗೆ ಇ-ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ಮೊದಲ ದಿನ ನಾವು ಶಾಲೆ ಮುಟ್ಟಿದಾಗ ಐದು ಗಂಟೆ ಐದು ನಿಮಿಷ. ಗೇಟಿನ ಕಾವಲುಗಾರ ಕಣ್ಣುಜ್ಜಿಕೊಂಡು ಹೊರಬಂದು, "ಬಾಬೂಜಿ, ಯೇ ಸ್ಕೂಲ್ ಹೈ, ಸ್ಟೇಷನ್ ನಹೀ" ಎಂದ.

ಎರಡು ಗಂಟೆ ಹೇಗೆ ಕಳೆಯುವುದು? ಮೊದಲ ದಿನವಲ್ಲವೇ, ಕೇದಾರೇಶ್ವರನ ದರ್ಶನ ಮಾಡಿಸೋಣ ಎಂದುಕೊಂಡು ಅಸ್ಸಿ ಘಾಟಿನಲ್ಲಿ ದೋಣಿ ಹತ್ತಿಸಿದೆ. ಕೇದಾರ ಘಾಟ್ ಇರುವುದು ನಮ್ಮ ಮನೆಯ ಹಿಂದೆಯೇ! ಇದು ಹೊಳೆದದ್ದು ದೋಣಿ ನಡುನೀರಿಗೆ ಬಂದ ಮೇಲೆ. ದರ್ಶನ ಚೆನ್ನಾಗಿ ಆಯಿತು. ವಾಪಸು ಬರುವಾಗ ಮಾತ್ರ ದೋಣಿಯವನು, ಹತ್ತು ಜನ ತುಂಬದೆ ಬಿಡುವುದಿಲ್ಲ ಎಂದು ಹಟ ಹಿಡಿದ. ಎಂಟು ಜನ ಇದ್ದೆವು. ರಿಕ್ಷಾದಲ್ಲಿ ಹೋಗೋಣ ಎಂದು ಗೌರಿ ಎರಡು ಸಲ ಹೇಳಿದಳು. "ಈಗ ಬಿಡ್ತಾನ, ಕೂಡು" ಎಂದು ನಾನು ಎರಡು ಸಲ ಹೇಳಿದೆ.

ಶಾಲೆಯ ಗೇಟು ಮುಟ್ಟಿದಾಗ ಏಳು ಇಪ್ಪತ್ತೊಂಬತ್ತು. ಕಾವಲುಗಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎರಡು ಗಂಟೆ ಇಪ್ಪತ್ತು ನಿಮಿಷ ಮುಂಚೆ ಬಂದು ನಾಲ್ಕು ನಿಮಿಷ ತಡವಾದವರನ್ನು ಅವನು ತನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲವಂತೆ. ಗೌರಿಯ ಡೈರಿಯ ಮೊದಲ ಪುಟದಲ್ಲೇ ಕೆಂಪು ಬಿತ್ತು.

ಇರಲಿ, ಇನ್ನೂ ಎರಡಿವೆ ಎಂದು ನಾನೇ ಧೈರ್ಯ ಹೇಳಿದೆ. ಗೌರಿಗೆ ಯಾಕೋ ಆ ಧೈರ್ಯ ರುಚಿಸಲಿಲ್ಲ.

ಎರಡನೆಯ ವಾರ ಒಂದು ಪ್ರಾಜೆಕ್ಟು ಕೊಟ್ಟರು. ನಿಮ್ಮ ಓಣಿಯ ಹಿರಿಯರೊಬ್ಬರನ್ನು ಮಾತಾಡಿಸಿ ಎರಡು ಪುಟ ಬರೆಯಬೇಕು; ಇದರ ಅಂಕ ವರ್ಷದ ಕೊನೆಯ ಅಂಕಕ್ಕೆ ಸೇರುತ್ತದೆ. ಗೌರಿ ನಮ್ಮ ಮಠದ ಪಾರವ್ವಜ್ಜಿಯನ್ನು ಆರಿಸಿಕೊಂಡಳು. ಗಂಡ ತೀರಿಕೊಂಡ ಮೇಲೆ ಕೊನೆಯ ದಿನಗಳನ್ನು ಕಾಶಿಯಲ್ಲಿ ಕಳೆಯುತ್ತೇನೆಂದು ಬೆಳಗಾವಿ ಕಡೆಯ ಹಳ್ಳಿಯಿಂದ ಬಂದ ಅಜ್ಜಿ. ಬಂದು ಒಂಬತ್ತು ವರ್ಷವಾಯಿತು, ಕೊನೆಯ ದಿನಗಳು ಇನ್ನೂ ಶುರುವೇ ಆಗಿಲ್ಲ. ಸೋನಾರ್‌ಪುರದ ತರಕಾರಿಯವರು ಅವಳು ಬರುವುದನ್ನು ಕಂಡರೆ ತಕ್ಕಡಿ ಸರಿಮಾಡಿಕೊಳ್ಳುತ್ತಾರೆ.

ಗೌರಿ ಎರಡು ಪುಟ ದುಂಡಗೆ ಬರೆದಳು. ನಾನು ಓದಿ ನೋಡಿದೆ. ಬರೀ ಎರಡು ಪುಟ! ಚೌಕಟ್ಟಿಲ್ಲ, ಚಿತ್ರವಿಲ್ಲ, ಒಂದು ಗೌರವದ ಮಾತಿಲ್ಲ. ಮಠದ ಪುಸ್ತಿಕೆಗಳನ್ನು ಅಚ್ಚು ಹಾಕುವ ಅಂಗಡಿಗೆ ಹೋಗಿ 'ಸ್ವಲ್ಪ ತಿದ್ದುಪಡಿ' ಮಾಡಿಸಿದೆ. ಹದಿನೆಂಟು ಪುಟವಾಯಿತು. ಆ ಅಂಗಡಿಯವನು ನಮಗೆ ಇಷ್ಟು ವರ್ಷ ಮಾಡಿಕೊಟ್ಟಿರುವುದು ತೀರಿಕೊಂಡವರ ನೆನಪಿನ ಪುಸ್ತಿಕೆಗಳನ್ನು. ಹಾಗಾಗಿ ಮುಖಪುಟದ ನಡುವೆ ಪಾರವ್ವಜ್ಜಿಯ ಫೋಟೋ, ಫೋಟೋಕ್ಕೆ ಗಂಧದ ಹಾರ, ಎರಡು ಕಡೆ ನಂದಾದೀಪ, ಕೆಳಗೆ ಹಿಂದಿಯಲ್ಲಿ 'ಪುಣ್ಯಸ್ಮರಣೆ'. ನನಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಪಾಟಿನ ತುಂಬ ಇರುವುದೇ ಅಂಥವು! ಶಾಲೆಗೂ ನಾನೇ ಮುಟ್ಟಿಸಿದೆ, ಮಗಳಿಗೆ ಭಾರವಾಗಬಾರದೆಂದು.

ಮುಖಪುಟ ನೋಡಿದ ಟೀಚರಮ್ಮನ ಕಣ್ಣು ತುಂಬಿ ಬಂತಂತೆ. ಗೌರಿಯ ತಲೆ ಸವರಿ, ಇಡೀ ತರಗತಿಯನ್ನು ಎದ್ದು ನಿಲ್ಲಿಸಿ ಒಂದು ನಿಮಿಷ ಮೌನ ಆಚರಿಸಿದರಂತೆ. ಮೌನದ ನಡುವೆ ಮಾತಾಡಬಾರದಲ್ಲ, ಗೌರಿ ಆ ಒಂದು ನಿಮಿಷ ಹಲ್ಲು ಕಚ್ಚಿ ನಿಂತಿದ್ದು, ಮುಗಿದ ಕೂಡಲೇ "ಮ್ಯಾಡಮ್, ಅಜ್ಜಿ ಬದುಕಿದ್ದಾರೆ" ಎಂದಳು. ಆ ಹೊತ್ತಿಗೆ ಅಜ್ಜಿ ಪೇಟೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದಳು. ಎರಡನೆಯ ಕೆಂಪು: 'ಕೆಲಸ ವಿದ್ಯಾರ್ಥಿನಿಯದಲ್ಲ.'

ವಿಷಯ ತಿಳಿದ ಪಾರವ್ವಜ್ಜಿ ಆಫೀಸಿಗೇ ಬಂದಳು. ನಾನು ಕಾಲು ಹಿಡಿಯಲು ಎದ್ದೆ.

"ಮ್ಯಾನೇಜರ ಸಾಹೇಬ್ರ, ನನ್ನ ಸಲುವಾಗಿ ನಲವತ್ತ ಮಕ್ಕಳು ಎದ್ದು ನಿಂತಿದ್ವಂತ? ಪಾಪ, ಕೂಸುಗಳ ಕಾಲು ನೋಯಲಿಲ್ಲಾ? ಅಲ್ರೀ, ಫೋಟೋದಾಗ ನಾ ಚಲೋ ಬಂದೀನಿಲ್ಲೋ, ಅದನ್ನ ಹೇಳ್ರಿ!"

ಅಜ್ಜಿ ನಕ್ಕಳು. ಆದರೆ ಅಂದು ಸಂಜೆ ಗೌರಿ ನಗಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದವಳು ಮೆಲ್ಲಗೆ, "ಅಪ್ಪಾಜಿ, ಇನ್ನ ಒಂದ ಬಿದ್ರ ನಾ ಹೊರಗ. ಈ ಸೀಟು ನಾ ತಗೊಂಡಿದ್ದು. ನೀವು ಕೈ ಹಾಕಬ್ಯಾಡ್ರಿ" ಎಂದಳು. ದೇವರ ಮುಂದೆ ದೀಪ ಮುಟ್ಟಿ, ಇನ್ನು ಶಾಲೆಯ ಒಂದು ಕಾಗದಕ್ಕೂ ಕೈ ಹಚ್ಚುವುದಿಲ್ಲ ಎಂದು ಆಣೆ ಮಾಡಿದೆ. ಶಾಂತಾ, "ದೀಪಾನಾದ್ರೂ ಬಿಡ್ರಿ, ಆರೀತು" ಎಂದಳು.

ಆಣೆ ಒಂಬತ್ತು ದಿನ ನಿಂತಿತು.

ತಿಂಗಳ ಕೊನೆಯ ವಾರ ಗೌರಿ ಒಂದು ಫಾರಂ ತಂದಳು. ಹೊಸ ವಿದ್ಯಾರ್ಥಿಗಳ ಸ್ವಪರಿಚಯ ಪತ್ರ. ವಿದ್ಯಾರ್ಥಿ ತನ್ನ ಕೈಯಾರೆ ತುಂಬಬೇಕು, ಪಾಲಕರು ಕೆಳಗೆ ಸಹಿ ಮಾಡಬೇಕು. "ಸಹಿ ಅಷ್ಟ ಮಾಡಿಡ್ರಿ, ಸಂಜಿಗೆ ನಾ ತುಂಬ್ತೀನಿ" ಎಂದು ಆಫೀಸಿನ ಮೇಜಿನ ಮೇಲೆ ಇಟ್ಟುಹೋದಳು. ಅದೇ ಮಧ್ಯಾಹ್ನ, ಕಾಶಿಯಲ್ಲೇ ನೆಲೆಸಿ ಇಲ್ಲೇ ಕಣ್ಣು ಮುಚ್ಚಬೇಕೆಂದು ಊರಿಂದ ಐದು ಜನ ಹಿರಿಯರು ಒಟ್ಟಿಗೆ ಬಂದರು. ಐದು ಅರ್ಜಿ. ಸರಸರ ತುಂಬಿದೆ. ನಾಲ್ಕನೆಯದಾದ ಮೇಲೆ ನನ್ನ ಕೈ ತಾನಾಗಿಯೇ ಓಡುತ್ತದೆ, ಕಣ್ಣು ನೋಡುವುದಿಲ್ಲ. ಸಹಿ ಮಾಡಿದೆ, ಲಕೋಟೆಗೆ ಹಾಕಿದೆ, ಅಂಟು ಹಚ್ಚಿದೆ. ಇಂದಿನ ಕಾಗದ ಇಂದೇ ತಲುಪಬೇಕು ಎಂಬುದು ಮಠದ ನಿಯಮ. ಶಾಲೆಯ ಲಕೋಟೆ ಶಾಲೆಗೆ ಹೋಯಿತು. ಒಳಗಿದ್ದದ್ದು ಗೌರಿಯ ಫಾರಮ್ಮೇ. ಆ ಐದರ ಜೊತೆ ಆರನೆಯದಾಗಿ ಅದನ್ನೂ ತುಂಬಿಬಿಟ್ಟಿದ್ದೆ, ಒಂದು ಕಾಲಮ್ಮೂ ಖಾಲಿ ಇರಲಿಲ್ಲ!

ಮರುದಿನವೇ ಪ್ರಿನ್ಸಿಪಾಲರಿಂದ ಕರೆ ಬಂತು. ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬರು ಮೊದಲೇ ಕೂತಿದ್ದರು. ಕಾಯುವ ಪಟ್ಟಿಯ ಮೊದಲ ಹುಡುಗಿಯ ತಂದೆಯಂತೆ. ಕೈಯಲ್ಲಿ ಸಮವಸ್ತ್ರದ ಅಳತೆ ಬರೆದ ಚೀಟಿ!

ಒಳಗೆ ಪ್ರಿನ್ಸಿಪಾಲ್ ಮೇಡಂ, ಪಕ್ಕದಲ್ಲಿ ಮಕ್ಕಳಿಗೆ ಸಲಹೆ ಹೇಳುವ ಇನ್ನೊಬ್ಬ ಮೇಡಂ, ಮೂಲೆಯಲ್ಲಿ ಗೌರಿ. ಮಾತೆಲ್ಲ ಹಿಂದಿಯಲ್ಲೇ ನಡೆಯಿತು. ಪ್ರಿನ್ಸಿಪಾಲರು ಫಾರಂ ಎತ್ತಿಕೊಂಡು ನಿಧಾನವಾಗಿ ಓದಿದರು.

"ಈ ಸಂಸ್ಥೆಗೆ ಬರಲು ಕಾರಣ: ಸಂಸಾರದ ಜಂಜಾಟದಿಂದ ಬಿಡುಗಡೆ. ಎಷ್ಟು ಕಾಲ ಇರಲು ಬಯಸುತ್ತೀರಿ: ಉಸಿರಿರುವವರೆಗೆ. ಹವ್ಯಾಸ: ಗಂಗಾಸ್ನಾನ, ಜಪ, ಒಪ್ಪತ್ತು ಊಟ. ಜೀವನದ ಗುರಿ: ಮೋಕ್ಷ. ತುರ್ತು ಸಂದರ್ಭದಲ್ಲಿ: ಮೊದಲು ಮಠಕ್ಕೆ ತಿಳಿಸುವುದು, ನಂತರ ನೇರವಾಗಿ ಮಣಿಕರ್ಣಿಕಾ ಘಾಟಿನ ಸ್ಮಶಾನಕ್ಕೆ."

ಸಲಹೆಯ ಮೇಡಂ ನನ್ನ ಕಡೆ ಬಾಗಿ ಮೃದುವಾಗಿ ಕೇಳಿದರು, "ಮಗಳಿಗೆ ಸನ್ಯಾಸ ಕೊಡಿಸುವ ಯೋಚನೆ ಇದೆಯೇ?"

ನಾನು ಎದ್ದೆ. ಬೆಳಗಿನಿಂದ ಬಾಯಿಪಾಠ ಮಾಡಿದ ಶುದ್ಧ ಹಿಂದಿಯ ಭಾಷಣವೊಂದು ಸಿದ್ಧವಿತ್ತು. "ಮಾನ್ಯ ಮಹೋದಯಾ" ಎಂದೆನಷ್ಟೇ.

"ಅಪ್ಪಾಜಿ, ನೀವು ಕೂಡ್ರಿ" ಎಂದಳು ಗೌರಿ.

ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ, ಧ್ವನಿ ಹಾಗಿತ್ತು.

ಅವಳು ಮೇಡಂ ಕಡೆ ತಿರುಗಿದಳು. "ಮ್ಯಾಡಮ್, ನಿಯಮಾವಳಿಯ ಮೂವತ್ತೆಂಟನೆಯ ಪುಟ. ಪ್ರವೇಶ ರದ್ದು ಮಾಡುವ ಮೊದಲು ವಿದ್ಯಾರ್ಥಿಯ ಮಾತು ಕೇಳಬೇಕು. ವಿದ್ಯಾರ್ಥಿ ಕೇಳಿಕೊಂಡರೆ ಮಾತ್ರ ಪಾಲಕರು ಮಾತಾಡಬಹುದು. ನಾನು ಕೇಳಿಕೊಳ್ಳುತ್ತಿಲ್ಲ."

ಮೂವತ್ತೆಂಟನೆಯ ಪುಟವನ್ನು ನಾನು ಓದಿರಲಿಲ್ಲ. ನನ್ನ ಓದು 'ಪಾಲಕರ ಕರ್ತವ್ಯಗಳು' ಎಂಬಲ್ಲೇ ನಿಂತಿತ್ತು.

ಗೌರಿ ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ತಡವಾಗಿದ್ದು ನಿಜ. ದೋಣಿ ಬೇಡ ಎಂದು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು, ಅದು ನನ್ನ ತಪ್ಪು. ಆದರೆ ನನ್ನ ಪ್ರಾಜೆಕ್ಟು ಇದು, ಅಚ್ಚಾದದ್ದಲ್ಲ. ಒಂದು ಖಾಲಿ ಫಾರಂ ಕೊಟ್ಟರೆ ಇಲ್ಲೇ, ನಿಮ್ಮ ಮುಂದೆಯೇ ತುಂಬುತ್ತೇನೆ."

"ನಿನ್ನ ತಂದೆ ಯಾಕೆ ಹೀಗೆ ಮಾಡುತ್ತಾರೆ?" ಎಂದರು ಮೇಡಂ.

ಗೌರಿ ಒಂದು ಗಳಿಗೆ ನನ್ನನ್ನು ನೋಡಿದಳು. "ಬರೆಯಲು ಬಾರದವರು ಅವರ ಹತ್ತಿರ ದಿನಾ ಬರುತ್ತಾರೆ. ಎಲ್ಲರಿಗೂ ಅಪ್ಪಾಜಿಯೇ ಬರೆದುಕೊಡುತ್ತಾರೆ, ಯಾರಿಗೂ ಇಲ್ಲ ಅಂದಿಲ್ಲ. ಬರೆಯಲು ಬರುವವಳು ಒಬ್ಬಳು ಮನೆಯಲ್ಲೇ ಇದ್ದಾಳೆ ಅನ್ನುವುದು ಅವರಿಗೆ ಇನ್ನೂ ರೂಢಿಯಾಗಿಲ್ಲ."

ನಾನು ಕಿಟಕಿಯ ಹೊರಗೆ ನೋಡಿದೆ. ಕಣ್ಣಲ್ಲಿ ನೀರು ಬಂದಿತ್ತು. ನಾಚಿಕೆಗೋ ಹೆಮ್ಮೆಗೋ ಹೇಳಲಾರೆ, ಎರಡೂ ಇದ್ದವು.

ಮೇಡಂ ಆ ಎರಡು ಪುಟ ಓದಿದರು. ನಡುವೆ ಒಂದು ಸಾಲಿಗೆ ಬಂದು ಜೋರಾಗಿ ನಕ್ಕುಬಿಟ್ಟರು. ಪಾರವ್ವಜ್ಜಿ ಹೇಳಿದ ಮಾತು ಅದು: 'ಸಾಯೋಣ ಅಂತ ಬಂದೆ. ಇಲ್ಲಿ ಬದನೆಕಾಯಿ ಚೆನ್ನಾಗಿದ್ದವು, ಇದ್ದುಬಿಟ್ಟೆ.' ಹದಿನೆಂಟು ಪುಟ ಮಾಡಿಸುವಾಗ ಗಾಂಭೀರ್ಯಕ್ಕೆ ಒಪ್ಪುವುದಿಲ್ಲವೆಂದು ನಾನು ಹೊಡೆದುಹಾಕಿಸಿದ್ದ ಸಾಲು ಅದೊಂದೇ!

ಗೌರಿ ಹೊಸ ಫಾರಂ ತುಂಬಿದಳು. ಜೀವನದ ಗುರಿ ಎಂಬಲ್ಲಿ ಬರೆದಳು: 'ಗಣಿತ ಓದುವುದು. ನನ್ನ ಕೆಲಸ ನಾನೇ ಮಾಡುವುದು.' ಮೇಡಂ ಡೈರಿ ತೆರೆದು ಎರಡನೆಯ ಕೆಂಪು ರಿಮಾರ್ಕಿನ ಮೇಲೆ ಗೆರೆ ಎಳೆದರು, ಮೂರನೆಯದನ್ನು ಬರೆಯಲೇ ಇಲ್ಲ. ಕಡತದ ಮೇಲೆ ಠಪ್ಪೆಂದು ಮುದ್ರೆ ಒತ್ತಿದರು: ಪ್ರವೇಶ ಖಾಯಂ. ಗಣಿತದ ತರಗತಿಗೆ ಹೊತ್ತಾಯಿತೆಂದು ಗೌರಿ ಚೀಲ ಹೆಗಲಿಗೇರಿಸಿ ಓಡಿದಳು. ಅವಳು ಓಡುವ ಸದ್ದು ಕಾರಿಡಾರಿನ ಉದ್ದಕ್ಕೂ ಕೇಳಿತು. ಆ ಸದ್ದು ಕೇಳಿ ನಾನೇ ಪರೀಕ್ಷೆ ಗೆದ್ದಷ್ಟು ಬೀಗಿದೆ. ಹೊರಗಿನ ಬೆಂಚಿನವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಎದ್ದುಹೋದರು.

ನಾನೂ ಎದ್ದೆ.

"ನೀವು ಎಲ್ಲಿಗೆ?" ಎಂದರು ಮೇಡಂ. "ಮಗಳ ಓದಿನಲ್ಲಿ ಕೈ ಹಾಕುವುದಿಲ್ಲ ಎಂದು ಪಾಲಕರ ಮುಚ್ಚಳಿಕೆ ಬೇಕು. ಸ್ವಂತ ಕೈಬರಹ. ಅರ್ಧ ಪುಟ."

ಬೆಂಚು ಖಾಲಿಯಿತ್ತು. ಕೂತು ಬರೆದೆ. ಮೂರು ಪುಟವಾಯಿತು. ಶಾಲೆಯ ಗುಮಾಸ್ತರು ಬೇಕಿರುವುದು ಅರ್ಧ ಪುಟ ಎಂದು ವಾಪಸು ಕೊಟ್ಟರು. ಎರಡನೆಯ ಸಲ ಹೊಡೆದುಹಾಕಿ ತಿದ್ದಿದ್ದು ಹೆಚ್ಚಾಯಿತೆಂದು ವಾಪಸು ಬಂತು. ಮೂರನೆಯ ಸಲ ಬರಹವೆಲ್ಲ ಸರಿಯಿತ್ತು. ಕೆಳಗೆ 'ವಿದ್ಯಾರ್ಥಿನಿಯ ಸಹಿ' ಎಂಬಲ್ಲಿಯೂ ನಾನೇ ಸಹಿ ಮಾಡಿಬಿಟ್ಟಿದ್ದೆ!

ಗುಮಾಸ್ತರು ನಾಲ್ಕನೆಯ ಹಾಳೆ ಕೊಟ್ಟರು. ಅಷ್ಟರಲ್ಲಿ ಶಾಂತಾಳ ಫೋನು ಬಂತು.

"ಏನಾತ್ರೀ?"

"ಗೌರಿದು ಖಾಯಂ ಆತು!" ಎಂದು ಕೂಗಿದೆ. ಆ ಕಡೆಯಿಂದ ಪಾರವ್ವಜ್ಜಿ ಚಪ್ಪಾಳೆ ಹೊಡೆಯುವುದೂ ಕೇಳಿಸಿತು.

"ಮತ್ತ ನೀವ್ಯಾಕ ಇನ್ನೂ ಬಂದಿಲ್ಲ?"

"ನಂದು ಇನ್ನೂ ಆಗಿಲ್ಲ" ಎಂದೆ.