ಒಂಬತ್ತನೆಯ ಹಂತ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಆ ಅಂಕಿ ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಅಪಘಾತ ನೋಡಿದವರಿಗೆ ಲಾರಿಯ ಬಣ್ಣ ಮರೆಯುವುದಿಲ್ಲವಂತೆ. ನಾನು ನೋಡಿದ್ದರಲ್ಲಿ ಲಾರಿ ಇರಲಿಲ್ಲ, ರಕ್ತ ಇರಲಿಲ್ಲ. ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಚಾಪೆಯ ಮೇಲೆ ಕೂತಿದ್ದ ನಾಗರತ್ನ ಆಂಟಿ ಎಂಟರ್ ಒತ್ತಿದರು, ಅಷ್ಟೆ.

ನಾವು ನಾಲ್ಕಾರು ಜನ ಬಿಡುವಿನಲ್ಲಿ ಕನ್ನಡ ಪದಕೋಶದ ತಂತ್ರಾಂಶವೊಂದನ್ನು ಕಟ್ಟುತ್ತಿದ್ದೇವೆ. ಯಾರು ಬೇಕಾದರೂ ತಿದ್ದಬಹುದು, ಪದ ಸೇರಿಸಬಹುದು. ತೊಂದರೆ ಇರುವುದೇ ಅಲ್ಲಿ. ಒಬ್ಬರ ಕಂಪ್ಯೂಟರಿನಲ್ಲಿ ಓಡಿದ್ದು ಇನ್ನೊಬ್ಬರದರಲ್ಲಿ ಮಿಸುಕಾಡುವುದಿಲ್ಲ. "ನನ್ ಹತ್ರ ಓಡ್ತಾ ಇದೆ ಗುರು" ಎನ್ನುವುದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು. ಇದಕ್ಕೆ ಮದ್ದು ಕಂಟೇನರ್. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಾಮಾನನ್ನೂ ಒಂದೇ ಡಬ್ಬಿಗೆ ತುಂಬಿ ಕೊಟ್ಟರೆ, ಯಾರ ಮನೆಯಲ್ಲಿ ಮುಚ್ಚಳ ತೆಗೆದರೂ ಒಂದೇ ಅಡುಗೆ. ಡಬ್ಬಿ ತೆರೆಯುವ ಬಗೆಯನ್ನು ಹನ್ನೆರಡು ಹಂತಗಳಲ್ಲಿ ಬರೆದವನು ನಾನು. ಯಾರೂ ಓದಲಿಲ್ಲ. ಎರಡನೆಯ ಹಂತಕ್ಕೇ ಫೋನು. "ಮಾರ್ಗದರ್ಶಿ ಓದ್ರಪ್ಪಾ" ಎಂದರೆ ಗೆಳೆಯ ಮಧು, "ಮಗಾ, ಬರೆದ ನೀನಾದ್ರೂ ಓದಿದ್ಯಾ?" ಎಂದು ಹಲ್ಲು ಕಿರಿಯುತ್ತಿದ್ದ. ರೇಗಿಹೋಗಿ, ಡಬ್ಬಿಯ ಹೊಸ ಆವೃತ್ತಿ ಬಂದ ವಾರ ಎಲ್ಲರನ್ನೂ ಮನೆಗೇ ಕರೆದೆ.

ಓದಿದವರು ನಾಗರತ್ನ ಆಂಟಿ ಒಬ್ಬರೇ. ನಾಯಂಡಹಳ್ಳಿಯಲ್ಲಿ ಅವರ ಯಜಮಾನರ ಲೇತ್ ವರ್ಕ್‌ಶಾಪ್ ಇತ್ತು. ಯಜಮಾನರು ತೀರಿಕೊಂಡರು, ವರ್ಕ್‌ಶಾಪ್ ಮುಚ್ಚಿತು, ಅಲ್ಲಿನವರು ಆಡುತ್ತಿದ್ದ ಮಾತುಗಳು ಆಂಟಿಯ ತಲೆಯಲ್ಲಿ ಉಳಿದವು. ಆರು ತಿಂಗಳಿಂದ ಒಂದೊಂದೇ ನೆನೆದು ತಮ್ಮ ಲ್ಯಾಪ್‌ಟಾಪಿನ ಡಬ್ಬಿಗೆ ಹಾಕುತ್ತಿದ್ದರು. ಆ ದಿನವೂ ನನ್ನ ಮಾರ್ಗದರ್ಶಿಯನ್ನು ಪ್ರಿಂಟ್ ಹಾಕಿಸಿ ತಂದು, ಸಾಲುಸಾಲಿಗೂ ಬೆರಳಿಟ್ಟು, ಮುಗಿದ ಹಂತಕ್ಕೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದರು. "ನೋಡಿ ಕಲೀರಿ" ಎಂದು ಉಳಿದವರಿಗೆ ಹೇಳುತ್ತಲೇ ಅವರ ಹಾಳೆಯತ್ತ ಬಗ್ಗಿದೆ. ಒಂಬತ್ತನೆಯ ಹಂತ: "ಹಳೆಯ ಡಬ್ಬಿ, ಅದರೊಳಗಿನ ದಾಸ್ತಾನು, ಎಲ್ಲವನ್ನೂ ಅಳಿಸಿ ಸ್ವಚ್ಛ ಮಾಡಿಕೊಳ್ಳಿ." ಕಳೆದುಕೊಳ್ಳಲು ಏನೂ ಇಲ್ಲದ ಹೊಸಬರಿಗೆಂದು ಬರೆದದ್ದು.

"ಆಂಟೀ!"

"ತಡಿಯಪ್ಪ ರಘು, ಒಂಬತ್ತು ಮುಗಿಸ್ಬಿಡ್ತೀನಿ."

ಮುಗಿಸಿದರು. ಟಿಕ್ಕನ್ನೂ ಹಾಕಿದರು.

"ನಿಮ್ ಪದಗಳನ್ನ ನಮಗೆ ಕಳಿಸಿದ್ರಾ ಆಂಟಿ?"

"ಇನ್ನೂ ಇಲ್ಲಪ್ಪ. ಅರ್ಧಂಬರ್ಧ ಕೊಡೋದು ನಂಗಾಗಲ್ಲ. ಪೂರ್ತಿ ಆದ್ಮೇಲೆ ಒಟ್ಟಿಗೆ ಅಂತಿದ್ದೆ."

ಬರೆದಿಟ್ಟ ಚೀಟಿಗಳು? ಟೈಪಾದ ಕೂಡಲೇ ಹರಿದು ಬುಟ್ಟಿಗೆ. ಅವರದು ಅಚ್ಚುಕಟ್ಟಿನ ಕೈ. ಪರದೆಯ ಖಾಲಿ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸಿ ನೋಡಿ, ಮೆಲ್ಲಗೆ, "ನಮ್ಮನೆಯವರು ಆಡ್ತಿದ್ದ ಮಾತು ಕಣಪ್ಪ ಅವು" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಧು ಕೂಡ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಆಂಟಿಗೆ ಕೆಂಗೇರಿಯ ತಂಗಿ ಪುಷ್ಪಾ ನೆನಪಾದರು. ಪದ ಹೊಳೆದಾಗಲೆಲ್ಲ ಅದರ ಕಥೆಯನ್ನು ತಂಗಿಗೆ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಿದ್ದರಂತೆ. ತಮ್ಮ ಫೋನಿನದನ್ನು ಅಂದಂದೇ ಅಳಿಸಿದ್ದರು, ಬಿಡಿ. ಸ್ಪೀಕರಿನಲ್ಲಿ ಪುಷ್ಪಾ ಸಿಕ್ಕರು.

"ಅಯ್ಯೋ ಅಕ್ಕಾ, ನಿನ್ ಪುರಾಣ ಕೇಳೋಕೆ ಯಾರಿಗೆ ಪುರುಸೊತ್ತಿದೆ? ಬೇಜಾರಾಗ್ಬೇಡ, ಒಂದೂ ಕೇಳಿಲ್ಲ. ಹಂಗೇ ಬಿದ್ದಿವೆ."

"ಮುಟ್ಬೇಡ ಕಣೇ! ಹಂಗೇ ಬಿದ್ದಿರ್ಲಿ!"

ಮೆಟ್ರೋ ಹತ್ತಿ ಕೆಂಗೇರಿಗೆ ಓಡಿ, ಎಲ್ಲವನ್ನೂ ನನ್ನ ಫೋನಿಗೆ ಕಳಿಸಿಕೊಂಡೆ. ಆಮೇಲಿನ ಮೂರು ವಾರ, ಕಚೇರಿಯಿಂದ ಬಂದು, ಆ ಮೆಸೇಜುಗಳನ್ನು ಕೇಳಿ ಕೇಳಿ ಟೈಪ್ ಮಾಡಿದೆ. ಮಲಗಿದರೆ ಹನ್ನೊಂದು ಹದಿನೇಳು. ಆಂಟಿಯ ಬೆರಳು ಕೀ ಮೇಲೆ ಇಳಿಯುತ್ತದೆ, ನಾನು ಎದ್ದು ಕೂರುತ್ತೇನೆ. ಒಂದು ಗುರುವಾರ ಕೊನೆಯ ಪದವೂ ಎಲ್ಲರ ಪದಗಳಿರುವ ಭಂಡಾರಕ್ಕೆ ಸೇರಿತು. ನಿಟ್ಟುಸಿರು ಬಿಡುವಷ್ಟರಲ್ಲಿ ಆಂಟಿಯ ಫೋನು.

"ರಘು, ನಿನ್ ಹೊಸ ಹಾಳೇಲಿ ಎಂಟಾದ್ಮೇಲೆ ಹತ್ತು ಇದೆಯಲ್ಲಪ್ಪ. ಒಂಬತ್ತು ಬಿಟ್ಟೋಗಿದೆ. ಹಳೇ ಹಾಳೆ ನೋಡ್ಕೊಂಡು ಮಾಡ್ಬಿಡ್ಲಾ?"

"ಏನೂ ಮುಟ್ಬೇಡಿ ಆಂಟಿ, ಬರ್ತಾ ಇದೀನಿ!"

ನಾಯಂಡಹಳ್ಳಿಯ ಅವರ ಮನೆಗೆ ಹೋಗಿ ಆ ಹಳೆಯ ಹಾಳೆಯನ್ನು ವಶಪಡಿಸಿಕೊಂಡು ಬಂದೆ. ಊಟವಾದ ಮೇಲೆ ಹಾಸಿಗೆಯ ಮೇಲೆ ಕೂತು, ನನ್ನ ಮಾರ್ಗದರ್ಶಿಯನ್ನು ಜೀವಮಾನದಲ್ಲೇ ಮೊದಲ ಬಾರಿಗೆ ಆರಂಭದಿಂದ ಓದತೊಡಗಿದೆ. ನಾಲ್ಕನೆಯ ಹಂತಕ್ಕೆ ಕಣ್ಣು ಎಳೆಯಿತು. ಮತ್ತೆ ಎಚ್ಚರವಾದದ್ದು ಸೀದಾ ಶುಕ್ರವಾರ ಬೆಳಿಗ್ಗೆ.