ನೋಲಾ ಮನೆ ಮುಂದಿನ ಇಳಿಜಾರು

ಗೇಟಿನಿಂದ ರಸ್ತೆಗೆ ಕಾರು ಇಳಿಸುವ ಕಾಂಕ್ರೀಟಿನ ಇಳಿಜಾರು ಪುರಸಭೆಯ ನೆಲದಲ್ಲಿರುತ್ತದೆ. ಅದನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾತ್ರ ಮನೆಯವರದು. ನ್ಯೂಜಿಲೆಂಡಿನ ನಮ್ಮ ಪುಟ್ಟ ಊರಿನಲ್ಲಿ ಇದು ತಪ್ಪೆಂದು ಯಾರೂ ಅನ್ನುವುದಿಲ್ಲ. ರಸ್ತೆ ಬದಿಯ ಪುರಸಭೆ ಹುಲ್ಲನ್ನೂ ನಾವೇ ತಾನೇ ಕತ್ತರಿಸೋದು.

ಪಕ್ಕದ ಮನೆ ನೋಲಾಳ ಇಳಿಜಾರು ಬಿರುಕು ಬಿಟ್ಟಿತು. ಅವಳ ಗಂಡ ಮರ್ವಿನ್‌ಗೆ ಮೂತ್ರಪಿಂಡ ಕೈಕೊಟ್ಟಿದೆ, ನಡೆಯುವ ತ್ರಾಣವಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಅವಳೇ ಕಾರಿನಲ್ಲಿ ಕರೆದೊಯ್ಯಬೇಕು. ಹಾಗಾಗಿ ಒಂದು ಬಕೆಟ್ ಸಿಮೆಂಟ್ ಕಲಸಿ ಬಿರುಕು ಮುಚ್ಚಿದಳು.

ಮರುದಿನ ಪುರಸಭೆಯ ಲೆಸ್ಟರ್ ಬಂದು ಇಳಿಜಾರಿನ ಉದ್ದಕ್ಕೂ ವಾಹನ ತಡೆಯುವ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟ. ಕಾರು ಒಳಗೇ ಉಳಿಯಿತು.

“ಅನುಮತಿ ಇಲ್ಲದೆ ದುರಸ್ತಿ ಮಾಡಿದ್ದೀರಿ, ನೋಲಾ.”

“ದುರಸ್ತಿ ನನ್ನ ಹೊಣೆ ಅಂತ ನೀವೇ ಹೇಳಿದ್ದಲ್ವೇನಪ್ಪ?”

“ಹೊಣೆ ನಿಮ್ಮದು. ಮುಟ್ಟೋ ಹಕ್ಕು ನಮ್ಮ ಗುತ್ತಿಗೆದಾರರದ್ದು.”

“ಸರಿ, ಅವರನ್ನೇ ಕಳಿಸು.”

“ಅವರ ಲಾರಿ ಅನುಮೋದಿತ ಇಳಿಜಾರಿನ ಮೇಲೆ ಮಾತ್ರ ನಿಲ್ಲತಕ್ಕದ್ದು. ನಿಮ್ಮದರ ಅನುಮೋದನೆ ರದ್ದಾಯ್ತಲ್ಲ.”

ನೋಲಾ ಅವನಿಗೆ ಚಹಾ, ಜೊತೆಗೆ ಸ್ಕೋನ್ ಎಂಬ ಬಿಸಿ ಬನ್ನು ಕೊಟ್ಟಳು. ಪುರಸಭೆಯವರು ಬಂದರೂ ನಮ್ಮಲ್ಲಿ ಚಹಾ ಕೊಡುವುದುಂಟು. ಎರಡನೇ ಸ್ಕೋನ್‌ಗೆ ಬೆಣ್ಣೆ ಸವರುವಾಗ ಲೆಸ್ಟರನ ಮನಸ್ಸೂ ಕರಗಿತು.

“ನಿಯಮದಲ್ಲಿ ವಾಹನ ಅಂದ್ರೆ ಎರಡು ಅಥವಾ ಅದಕ್ಕಿಂತ ಹೆಚ್ಚು ಗಾಲಿ ಇರೋದು,” ಅಂದ, ತೋಟದ ಕಡೆ ನೋಡುತ್ತಾ.

ತೋಟದಲ್ಲಿ ಒಂಟಿ ಗಾಲಿಯ ಕೈಗಾಡಿ ನಿಂತಿತ್ತು.

ಅಂದಿನಿಂದ ಮರ್ವಿನ್‌ನನ್ನು ದಿಂಬಿನ ಸಮೇತ ಅದರಲ್ಲಿ ಕೂರಿಸಿ, ಕೋನ್‌ಗಳ ನಡುವೆ ರಸ್ತೆಗಿಳಿಸಿ, ನನ್ನ ಕಾರಿಗೆ ಹತ್ತಿಸುತ್ತಿದ್ದೆವು.

“ನಿಧಾನ ಕಣೇ, ನಾನೇನು ಗೊಬ್ಬರಾನಾ?”

“ಗೊಬ್ಬರ ಆಗಿದ್ರೆ ಗುಲಾಬಿಗಾದ್ರೂ ಆಗ್ತಿದ್ದೆ. ಸುಮ್ನೆ ಕೂತ್ಕೋ.”

ವರ್ಷ ಕಳೆದು ಪುರಸಭೆಯ ಪ್ರಕಟಣೆ ಬಂತು: “ಶ್ರೀಮತಿ ನೋಲಾ ಅವರ ಇಳಿಜಾರಿನಲ್ಲಿ ಒಂದೂ ಹೊಸ ಬಿರುಕು ಕಂಡುಬಂದಿಲ್ಲವಾದ್ದರಿಂದ ಅದನ್ನು ಮಾದರಿ ಇಳಿಜಾರೆಂದು ಘೋಷಿಸಲಾಗಿದೆ. ಉಳಿದ ಮಾಲೀಕರ ಇಳಿಜಾರುಗಳನ್ನೂ ಇದೇ ಕ್ರಮದಲ್ಲಿ ಸಂರಕ್ಷಿಸಲಾಗುವುದು. ಕೋನ್‌ಗಳನ್ನು ತೊಳೆಯುವ ಹೊಣೆ ಮನೆಯವರದು.”

ವಾರದೊಳಗೆ ಬೀದಿಯ ಎಲ್ಲ ಗೇಟುಗಳ ಮುಂದೆಯೂ ಕೋನ್‌ಗಳು ನಿಂತವು. ನನ್ನ ಕಾರೂ ಒಳಗಾಯಿತು. ನೋಲಾ ಸಂಕೋಚದಿಂದ ಎಲ್ಲರಿಗೂ ಸ್ಕೋನ್ ಹಂಚಿದಳು; ಮಾದರಿ ಆದವಳ ಮೇಲೆ ಸಿಟ್ಟು ಮಾಡುವುದು ಹೇಗೆ?

ಈಗ ಮರ್ವಿನ್‌ನನ್ನು ಆಸ್ಪತ್ರೆಯವರೆಗೂ ಸರದಿಯ ಮೇಲೆ ತಳ್ಳುತ್ತೇವೆ. ದಿಣ್ಣೆ ಹತ್ತುವಾಗ ಏದುಸಿರು ಬರುತ್ತದೆ, ಆದರೆ ರಸ್ತೆಯಲ್ಲಿ ವಾಹನಗಳ ಕಾಟವಿಲ್ಲ. ಮಂಗಳವಾರ ಲೆಸ್ಟರನ ಸರದಿ. ಕೋನ್‌ಗಳು ಅವನ ಮನೆ ಗೇಟಿಗೂ ಬಂದಿವೆ, ಅವನಿಗೂ ಬೇರೆ ದಾರಿಯಿಲ್ಲ. ಕಚೇರಿಗೆ ಹೇಗೂ ನಡೆದೇ ಹೋಗಬೇಕು.