ಸಂಬಂಧಿಕರಲ್ಲದವರು ಕೊಟ್ಟ ನಡತೆ ಪತ್ರ

ಇಂದ:
ಟ್ಯಾಕ್ಸಿ ಚಾಲಕ, ಬ್ಯಾಡ್ಜ್ ಸಂಖ್ಯೆ 2217
(ಬ್ಯಾಡ್ಜ್ ಸದ್ಯ ತಮ್ಮ ಕಚೇರಿಯ ಡ್ರಾಯರಿನಲ್ಲಿದೆ),
ರೈಲು ನಿಲ್ದಾಣದ ಟ್ಯಾಕ್ಸಿ ಸ್ಟ್ಯಾಂಡ್.

ಗೆ:
ಪರವಾನಗಿ ಅಧಿಕಾರಿಗಳು,
ಟ್ಯಾಕ್ಸಿ ಚಾಲಕರ ವಿಭಾಗ,
ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಪರವಾನಗಿ ನವೀಕರಣಕ್ಕಾಗಿ ಮಾಜಿ ಪತ್ನಿ ನೀಡಿದ ನಡತೆ ಪತ್ರದ ಮೇಲಿನ ಆಕ್ಷೇಪಣೆಗೆ ಸಮಜಾಯಿಷಿ.

ಉಲ್ಲೇಖ:
1. ನನ್ನ ನವೀಕರಣದ ಅರ್ಜಿ.
2. ತಮ್ಮ ಕಚೇರಿಯ ಆಕ್ಷೇಪಣಾ ಪತ್ರ.
3. ನಾಲ್ಕನೇ ಕಿಟಕಿಯ ಗುಮಾಸ್ತರು ಮೌಖಿಕವಾಗಿ ತಿಳಿಸಿದ "ನಾಳೆ ಬನ್ನಿ", ಹದಿನಾಲ್ಕು ಬಾರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 2ರಲ್ಲಿ ತಾವು ಹೀಗೆ ಕೇಳಿರುತ್ತೀರಿ: "ಅರ್ಜಿದಾರರ ನಡತೆ ಉತ್ತಮವಾಗಿದ್ದಲ್ಲಿ ಸದರಿ ಮಹಿಳೆ ವಿಚ್ಛೇದನ ಪಡೆದದ್ದೇಕೆ? ವಿಚ್ಛೇದನಕ್ಕೆ ಸಕಾರಣವಿದ್ದಲ್ಲಿ ಅರ್ಜಿದಾರರ ನಡತೆ ಉತ್ತಮವಾಗುವುದು ಹೇಗೆ?" ಎರಡೂ ಕಡೆಯ ಹಿರಿಯರು ನಾಲ್ಕು ವರ್ಷಗಳಿಂದ ಇದನ್ನೇ ಕೇಳುತ್ತಿದ್ದಾರೆ. ಮೊಹರು ಹಾಕಿ ಕೇಳಿದವರು ತಾವೇ ಮೊದಲು. ಆದ್ದರಿಂದ ಉತ್ತರಿಸದೆ ಗತ್ಯಂತರವಿಲ್ಲ.

1. ಈ ವರ್ಷದ ಹೊಸ ನಿಯಮದಂತೆ, ಪರವಾನಗಿ ನವೀಕರಿಸಲು ಚಾಲಕನನ್ನು ಕನಿಷ್ಠ ಐದು ವರ್ಷಗಳಿಂದ ಖುದ್ದಾಗಿ ಬಲ್ಲ ಒಬ್ಬರು ನಡತೆ ಪತ್ರ ಕೊಡಬೇಕು. ಅವರು ಚಾಲಕನ ಸಂಬಂಧಿಕರಾಗಿರಬಾರದು. ಟ್ಯಾಕ್ಸಿ ವೃತ್ತಿಯವರೂ ಆಗಿರಬಾರದು. ಇಪ್ಪತ್ತಾರು ವರ್ಷ ಗಾಡಿ ಓಡಿಸಿದವನಿಗೆ ಅಂಥ ಒಬ್ಬರು ಸಿಗುವುದು ಎಷ್ಟರ ಕೆಲಸ ಎಂದು ನಾನೂ ಅಂದುಕೊಂಡಿದ್ದೆ.

2. ಅದರಂತೆ, ಮೊದಲಿಗೆ ಹನ್ನೊಂದು ವರ್ಷಗಳಿಂದ ಪ್ರತಿ ಗುರುವಾರ ನನ್ನ ಗಾಡಿಯಲ್ಲೇ ಹೋಗುವ ದಂತವೈದ್ಯರ ಬಳಿ ಹೋದೆ. ಅವರು ನನ್ನನ್ನು ಬಾಯಿ ತೆರೆಯುವಂತೆ ಹೇಳಿದರು. ರೋಗಿಯಲ್ಲ, ಡ್ರೈವರ್ ಎಂದು ವಿವರಿಸಿದ ಮೇಲೆ, "ಒಂದ್ನಿಮಿಷ ಆ ಕಡೆ ತಿರುಗಿ" ಎಂದರು. ತಿರುಗಿದೆ. "ಓಹ್, ನೀವಾ!" ಎಂದು ಸಂತೋಷಪಟ್ಟರು. ಆದರೆ ಬರೀ ಕುತ್ತಿಗೆ ನೋಡಿ ನಡತೆ ಬರೆದುಕೊಡಲು ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಉಳಿದ ಪ್ರಯಾಣಿಕರ ಕಥೆಯೂ ಹೆಚ್ಚುಕಡಿಮೆ ಇದೇ. ಗೆಳೆಯರೆಲ್ಲ ಟ್ಯಾಕ್ಸಿಯವರು. ಕ್ಷೌರಿಕ ನನ್ನ ಚಿಕ್ಕಪ್ಪನ ಮಗ. ಹೀಗೆ ಎಲ್ಲರನ್ನೂ ಹೊಡೆದುಹಾಕುತ್ತ ಬಂದಾಗ ಪಟ್ಟಿಯಲ್ಲಿ ಒಬ್ಬರೇ ಉಳಿದರು.

3. ಸದರಿ ಮಹಿಳೆ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನನ್ನು ಇಪ್ಪತ್ತೊಂದು ವರ್ಷಗಳಿಂದ ಬಲ್ಲರು. ಅದರಲ್ಲಿ ಹದಿನೇಳು ವರ್ಷ ಪತ್ನಿಯಾಗಿ. ನಾನು ಹೋದಾಗ ಮಿಷನ್ನಿನಿಂದ ಕಾಲು ತೆಗೆಯಲಿಲ್ಲ.

"ಏನ್ರೀ, ಬಟನ್ ಕಿತ್ತೋಯ್ತಾ?"

"ಇಲ್ಲ. ನಡತೆ ಸರ್ಟಿಫಿಕೇಟ್ ಬೇಕಿತ್ತು."

"ಯಾರ್ದು?"

"ನಂದೇ. ಐದು ವರ್ಷದಿಂದ ಗೊತ್ತಿರೋರು ಬೇಕಂತೆ. ಸಂಬಂಧಿಕರು ಆಗಬಾರದಂತೆ."

ದಾರ ತುಂಡಾಗುವಷ್ಟು ನಕ್ಕರು. "ನಿಮ್ಮನ್ನ ಬಿಟ್ಟಿದ್ದೂ ಕೊನೆಗೆ ನಿಮಗೇ ಉಪಯೋಗಕ್ಕೆ ಬಂತಲ್ರೀ!" ಎಂದರು. ಆಮೇಲೆ ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು, ಎರಡನೇ ಸಲ ಯೋಚಿಸದೆ ಬರೆದುಕೊಟ್ಟರು. ಸದರಿ ಪತ್ರದ ಪೂರ್ಣಪಾಠ ಹೀಗಿದೆ:

"ಇವರು ಕುಡಿಯುವುದಿಲ್ಲ. ಸುಳ್ಳು ಹೇಳುವುದಿಲ್ಲ, ಹೇಳಲೇಬೇಕಾದ ಕಡೆಯೂ ಹೇಳುವುದಿಲ್ಲ. ಸರ್ಕಾರದ ಒಂದು ನಿಯಮವನ್ನೂ ಇವರು ಮುರಿದದ್ದಿಲ್ಲ, ಇದಕ್ಕೆ ನಾನೇ ಸಾಕ್ಷಿ. ಇವರ ಗಾಡಿಯಲ್ಲಿ ಯಾರು ಬೇಕಾದರೂ ನಿಶ್ಚಿಂತೆಯಾಗಿ ಕೂರಬಹುದು. ನಾನು ಕೂತಿಲ್ಲ."

4. ಕೊನೆಯ ವಾಕ್ಯವನ್ನು ತಮ್ಮ ಕಚೇರಿ ಕೆಂಪು ಶಾಯಿಯಲ್ಲಿ ಸುತ್ತುಹಾಕಿದೆ. ಅದಕ್ಕೆ ಸಂಬಂಧಿಸಿದ ಸಂಗತಿ ಈ ಕೆಳಗಿನಂತಿದೆ.

(ಅ) ತಮ್ಮದೇ ಸ್ಟ್ಯಾಂಡ್ ನಿಯಮ 9ರಂತೆ ಪ್ರಯಾಣಿಕರು ಸಾಲಿನ ಮೊದಲ ಗಾಡಿಯನ್ನೇ ಹತ್ತತಕ್ಕದ್ದು. ನಿಯಮ 12ರಂತೆ ಸಮವಸ್ತ್ರದಲ್ಲಿರುವ ಚಾಲಕನು ಪ್ರಯಾಣಿಕರನ್ನು ಸರ್ ಅಥವಾ ಮೇಡಂ ಎಂದೇ ಕರೆಯತಕ್ಕದ್ದು.

(ಆ) ಐದು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಸದರಿ ಮಹಿಳೆ ಅಂಗಡಿಯ ಮೆಟ್ಟಿಲಿನಿಂದ ಬಿದ್ದು, ನಿಲ್ದಾಣದ ಎದುರಿನ ಆಸ್ಪತ್ರೆಯಲ್ಲಿ ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕುಂಟುತ್ತ ರಸ್ತೆ ದಾಟಿ, ಸೀದಾ ನನ್ನ ಗಾಡಿಯ ಬಾಗಿಲಿಗೆ ಕೈ ಹಾಕಿದರು. ನಾನು ಸಾಲಿನಲ್ಲಿ ಐದನೆಯವನಾಗಿದ್ದೆ.

(ಇ) "ಮೇಡಂ, ಮುಂದಿನ ಗಾಡಿ ಹತ್ತಿ" ಎಂದೆ.

(ಈ) "ಏನಂದ್ರಿ?" ಎಂದರು. ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದೆ.

(ಉ) ಮೊದಲ ಗಾಡಿ ನಮ್ಮ ಸ್ಟ್ಯಾಂಡಿನ ಗಡ್ಡದವನದ್ದು. ಅವನೇ ಅವರನ್ನು ಮನೆಗೆ ಬಿಟ್ಟು, ತೋಳು ಹಿಡಿದು ಮೂರು ಮಹಡಿ ಹತ್ತಿಸಿ, ಕುಡಿಯಲು ನೀರು ಕೊಟ್ಟು ಬಂದ. ಬಂದವನೇ ನನ್ನನ್ನು ಹಿಡಿದುಕೊಂಡ: "ಹೆಂಡ್ತಿ ಕಣಯ್ಯಾ ಅದು! ಒಂದು ಮಾತು ಹೇಳಿದ್ರೆ ನಾಲ್ಕು ಜನಾನೂ ಗಾಡಿ ಪಕ್ಕಕ್ಕೆ ತಗೀತಿರ್ಲಿಲ್ವಾ?" ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ತಿಳಿಸಿದೆ. ಅವನು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

(ಊ) ಸದರಿ ಮಹಿಳೆ ಜಗಳವಾಡಲಿಲ್ಲ. ಪ್ಲಾಸ್ಟರ್ ಬಿಚ್ಚುವವರೆಗೂ ನಾನು ಬಡಿಸಿದ್ದನ್ನು ಉಂಡರು. ಬಿಚ್ಚಿದ ಮೇಲೆ, "ಹದಿನಾರು ವರ್ಷದಿಂದ ನಾನು ನಿಮ್ಮ ಸಾಲಲ್ಲಿ ಎಷ್ಟನೆಯವಳು ಅಂತ ಅವತ್ತು ಗೊತ್ತಾಯ್ತು" ಎಂದು ಹೇಳಿ ಹೋದರು. ವಿಚ್ಛೇದನ ಪರಸ್ಪರ ಒಪ್ಪಿಗೆಯಿಂದ ಆಯಿತು. ನನ್ನ ಒಪ್ಪಿಗೆ ಇರಲಿಲ್ಲ, ಆದರೆ ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

5. ಆದ್ದರಿಂದ ತಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ನಿಯಮ ಪಾಲಿಸಿದ ಕಾರಣ ನಡತೆ ಉತ್ತಮ. ನಿಯಮ ಪಾಲಿಸಿದ ಕಾರಣ ವಿಚ್ಛೇದನ. ಆ ದಿನದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಇದನ್ನು ಕಡತದಲ್ಲಿ ಸೇರಿಸಲು ನನ್ನ ಅಭ್ಯಂತರವಿಲ್ಲ.

6. ಇನ್ನೊಂದು ಬೆಳವಣಿಗೆಯನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಬ್ಯಾಡ್ಜ್ ತಮ್ಮಲ್ಲಿರುವ ಕಾರಣ ನಾನು ಗಾಡಿ ಓಡಿಸುವಂತಿಲ್ಲ. ತಮ್ಮ ಕಚೇರಿಗೆ ಬಂದು ಹೋಗುವುದೊಂದೇ ಕೆಲಸ. ಪತ್ರ ಕೊಟ್ಟವರಿಗೆ ಪತ್ರದ ಗತಿ ತಿಳಿಸುವುದು ಮರ್ಯಾದೆ ಎಂದು ಪ್ರತಿ ಸಲವೂ ಇಲ್ಲಿಂದ ಅಂಗಡಿಗೆ ಹೋದೆ. ಮೊದಲೆರಡು ಸಲ ಬಾಗಿಲಲ್ಲೇ ನಿಂತು ಹೇಳಿದೆ. ಮೂರನೇ ಸಲ ಸ್ಟೂಲ್ ಸಿಕ್ಕಿತು. ಆರನೇ ಸಲ "ಸುಮ್ನೆ ಕೂತ್ಕೊಂಡು ಏನ್ಮಾಡ್ತೀರಿ" ಎಂದು ಸೂಜಿ, ದಾರ ಮತ್ತು ಒಂದು ರಾಶಿ ಬಟನ್ ಕೈಗೆ ಬಂತು. ಹತ್ತನೇ ಸಲದಿಂದ ಟೀ ಕೂಡ ಇದೆ. ಇದಕ್ಕೆಲ್ಲ ನಾಲ್ಕನೇ ಕಿಟಕಿಯ ಗುಮಾಸ್ತರಿಗೆ ನಾನು ಋಣಿ. ಅವರು ಮೊದಲ ದಿನವೇ ಕೆಲಸ ಮುಗಿಸಿಕೊಟ್ಟಿದ್ದರೆ ನಾನು ಆ ಸ್ಟೂಲ್ ಕಾಣುತ್ತಿರಲಿಲ್ಲ.

7. ಹದಿನಾಲ್ಕನೇ ಸಲ, ಅಂದರೆ ಕಳೆದ ಸೋಮವಾರ, "ಮನೆಗೆ ವಾಪಸ್ ಬರ್ತೀಯಾ?" ಎಂದು ಕೇಳಿದೆ. ಸದರಿ ಮಹಿಳೆ ಸ್ವಲ್ಪ ಹೊತ್ತು ಹೊಲಿದರು. "ಬಂದ್ರೆ ಸಂಬಂಧಿಕಳಾಗ್ತೀನಿ. ಸರ್ಟಿಫಿಕೇಟ್ ನಡೆಯಲ್ಲ. ಮೊದಲು ಲೈಸೆನ್ಸ್ ಬರ್ಲಿ" ಎಂದರು. ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಆಗಲಿ ಎಂದು ಎದ್ದು ಬಂದೆ.

8. ಬಸ್ಸಿನಲ್ಲಿ ನಾಲ್ಕು ನಿಲ್ದಾಣ ದಾಟಿದ ಮೇಲೆ ನಾನು ಎಂಥ ಮುಠ್ಠಾಳ ಎಂದು ಹೊಳೆಯಿತು. ಇಳಿದು ಹಿಂದಕ್ಕೆ ನಡೆದೆ. ಅಂಗಡಿಯ ಶಟರ್ ಅರ್ಧ ಇಳಿದಿತ್ತು.

"ಲೈಸೆನ್ಸಿಗೆ ನಾನು ಕಾಯಲ್ಲ" ಎಂದೆ.

"ಹುಷಾರಾಗಿದ್ದೀರಿ ತಾನೇ?" ಎಂದರು. "ಲೈಸೆನ್ಸ್ ಹೋಗುತ್ರೀ."

"ಹೋಗ್ಲಿ."

"ಹೊಟ್ಟೆಗೇನ್ಮಾಡ್ತೀರಿ?"

"ಬಟನ್ ಹೊಲಿತೀನಿ."

"ನೀವು ಹೊಲಿದ ಬಟನ್ ಎರಡು ದಿನ ನಿಲ್ಲಲ್ಲ" ಎಂದು ಹೇಳಿ ಶಟರ್ ಪೂರ್ತಿ ಇಳಿಸಿ, ಬೀಗವನ್ನು ನನ್ನ ಕೈಗೆ ಕೊಟ್ಟರು. ಹಾಕಿದೆ. ಬಸ್ ನಿಲ್ದಾಣದವರೆಗೂ ಜೊತೆಯಲ್ಲೇ ನಡೆದೆವು. ಅವರ ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ ಎಂಬುದನ್ನು ನಾನು ಅಂದೇ ಗಮನಿಸಿದ್ದು.

9. ಆದಕಾರಣ, ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವಿವಾಹ ನೋಂದಣಿ ಕಚೇರಿಯಲ್ಲಿ ನಮ್ಮ ಸರದಿ ನಿಗದಿಯಾಗಿದೆ. ಅಂದು ಹನ್ನೊಂದು ಗಂಟೆಯವರೆಗೆ ಸದರಿ ಮಹಿಳೆ ನನ್ನ ಸಂಬಂಧಿಕರಲ್ಲ. ಅಲ್ಲಿಯವರೆಗೆ ಪತ್ರ ಊರ್ಜಿತ. ತಾವು ಅಷ್ಟರೊಳಗೆ ಪರವಾನಗಿ ಕೊಟ್ಟರೆ ಸಂತೋಷ. ತಿರಸ್ಕರಿಸಿದರೂ ಬೇಸರವಿಲ್ಲ. "ಪರಿಶೀಲನೆಯಲ್ಲಿದೆ" ಎಂದು ಮಾತ್ರ ಬರೆಯಬಾರದೆಂದು ವಿನಂತಿ.

ಸೋಮವಾರ ಹನ್ನೊಂದರವರೆಗೆ ಏಕಾಂಗಿಯಾದ,
ತಮ್ಮ ವಿಶ್ವಾಸಿ,
(ಸಹಿ)
ಬ್ಯಾಡ್ಜ್ ಸಂಖ್ಯೆ 2217

ಲಗತ್ತುಗಳು:
1. ವಿಚ್ಛೇದನದ ಆದೇಶ, ಜೆರಾಕ್ಸ್.
2. ಎಡಗಾಲಿನ ಎಕ್ಸ್-ರೇ (ಮೂಲಪ್ರತಿ. ದಯವಿಟ್ಟು ಮಡಚಬಾರದು).
3. ನಡತೆ ಪತ್ರ, ಜೆರಾಕ್ಸ್. ಮೂಲಪ್ರತಿ ನನ್ನ ಅಂಗಿಯ ಜೇಬಿನಲ್ಲಿದೆ. ಕೇಳಿದಲ್ಲಿ ತೋರಿಸಲಾಗುವುದು, ಕೊಡಲಾಗುವುದಿಲ್ಲ.

ವಿ.ಸೂ.: ಪರವಾನಗಿ ತಿರಸ್ಕೃತವಾದಲ್ಲಿ, ಟ್ಯಾಕ್ಸಿಯನ್ನು ಖಾಸಗಿ ಕಾರಾಗಿ ಬದಲಾಯಿಸುವ ನಮೂನೆಯನ್ನು ಅದೇ ಲಕೋಟೆಯಲ್ಲಿ ಕಳುಹಿಸಬೇಕಾಗಿ ಪ್ರಾರ್ಥನೆ. ಆ ಕಾರಿನಲ್ಲಿ ಒಬ್ಬರನ್ನು ಮನೆಗೆ ಕರೆದುಕೊಂಡು ಹೋಗುವುದು ಐದು ವರ್ಷದಿಂದ ಬಾಕಿ ಇದೆ.